ತೆಳಗ ಅದಾಳ್ರಿ ಸರ

ಹದಿನಾಲ್ಕನೇ ಪ್ರಶ್ನೆಗೆ ಬಂದು ಟ್ಯಾಬಿನ ಮೇಲೆ ಮೈತ್ರಿಯ ಬೆರಳು ನಿಂತುಬಿಟ್ಟಿತು. ಎದುರಿಗೆ ಹೊರಸಿನ ಮೇಲೆ ಕೂತಿದ್ದ ಡಾಕ್ಟರ್ ನಂದಕಿಶೋರ ಗಡಿಯಾರ ನೋಡಿ ಏನೋ ಗೀಚಿಕೊಂಡ. ಮೈತ್ರಿ ಎಂಬಿಬಿಎಸ್ ಓದುವ ಕಲಬುರಗಿಯ ಕಾಲೇಜಿನಲ್ಲೇ ಅವನೂ ಮೇಲಿನ ಓದು ಓದುತ್ತಿದ್ದ. ಕೊರೋನಾದಲ್ಲಿ ನಡೆದ ಆನ್‌ಲೈನ್ ಕ್ಲಾಸಿನ ಬಗ್ಗೆ ಹುಡುಗರು ಏನಂತಾರೆ ಎಂದು ಕೇಳುವ ಸರ್ವೆ ಅವನದು. ಅಫಜಲಪುರ, ಜೇವರ್ಗಿ ಸುತ್ತಿ ಮುಗಿಸಿ, ಪಟ್ಟಿಯಲ್ಲಿ ಇಪ್ಪತ್ತನೆಯವಳೂ ಕಡೆಯವಳೂ ಆದ ಮೈತ್ರಿಯನ್ನು ಹುಡುಕಿಕೊಂಡು ಆಳಂದ ದಾಟಿ ಹಿರೋಳ್ಳಿಗೆ ಬಂದಿದ್ದ.

“ಏನ್ ಕೇಳ್ಯಾರ ಬೇ?” ಬಾಗಿಲಿಗೆ ಆತು ನಿಂತಿದ್ದ ಅಪ್ಪ ಭಗವಂತ ಕೇಳಿದ.

“ಮನ್ಯಾಗ ಕುಂತಲ್ಲೇ ಆರಾಮ ಕಲಿಯಾಕ ಆಯ್ತು ಅಂತ ಅದ ಯಪ್ಪಾ. ಪೂರಾ ಒಪ್ತೀಯೋ, ಸ್ವಲ್ಪ ಒಪ್ತೀಯೋ, ಒಪ್ಪಂಗೇ ಇಲ್ಲೋ, ಒಂದು ಒತ್ತಬೇಕು.”

“ನಿಂತವ್ರು ಯಾರಂತ ಕೇಳಿಲ್ಲೇನು?”

ನಂದಕಿಶೋರ ತಲೆಯೆತ್ತಿದ. ಭಗವಂತನಿಗೆ ಅಷ್ಟೇ ಬೇಕಿತ್ತು. ಊರಿಗೆಲ್ಲ ನೀರು ಬಿಡುವ ಕೆಲಸ ಅವನದು. ನೀರಿಗೆ ವೇಳೆ ಇತ್ತು, ಮಾತು ಬಿಡುವುದಕ್ಕೆ ಮಾತ್ರ ಹೊತ್ತುಗೊತ್ತು ಇರಲಿಲ್ಲ.

“ಸರ, ಈ ಓಣ್ಯಾಗ ನೆಟ್ ಬರೋದು ನೀರಿನ ಟಾಕಿ ಮ್ಯಾಲ ಒಂದೇ. ಏಣಿ ಜಂಗ್ ತಿಂದು ಅರ್ಧ ಉದುರ್ಯಾದ. ಮಗಳಿಗಿ ಹತ್ತಾಕ ಬಿಡ್ಲಿಲ್ಲ ನಾ. ಮ್ಯಾಲ ನಾ ಫೋನ್ ಎತ್ತಿ ಹಿಡ್ಕೊಂಡು, ಆವಾಜ್ ಪೂರಾ ಬಿಟ್ಟು ನಿಂದರ್ತಿದ್ದೆ. ಆಕಿ ತೆಳಗ ಕುಂತು ಬರ್ಕೋತಿದ್ಳು. ಮೂರು ತಿಂಗಳ್ರಿ! ಪಾಠದಾಗಿನ ಗುಂಡಿಗಿ ನಾಕೂ ಖೋಲಿ ಈ ಬಲಗೈ ಮ್ಯಾಲೇ ಹಾದು ಹೋಗ್ಯಾವ. ಕಾಗಿಗಳು ನನಗ ಕಂಬ ಅಂತ ತಿಳದು ಹೆಗಲ ಮ್ಯಾಲ ಕಡ್ಡಿ ತಂದಿಡಾಕತ್ತಿದ್ವು. ಇನ್ನೆಂಟು ದಿನ ಕ್ಲಾಸ್ ನಡದಿದ್ರ ಮರಿ ಮಾಡಿ, ಮರಿಗೂ ಡಾಕ್ಟರಕಿ ಕಲಿಸಿ ಹೋಗ್ತಿದ್ವು!”

ನಂದಕಿಶೋರ ಬಿದ್ದು ಬಿದ್ದು ನಕ್ಕ. ಭಗವಂತನೂ ನಕ್ಕ, ಆದರೆ ಅರ್ಧಕ್ಕೇ ನಿಲ್ಲಿಸಿದ. ಕಥೆಯ ಉಳಿದರ್ಧ ನಗುವಂಥದ್ದಾಗಿರಲಿಲ್ಲ. ಹಾಜರಿ ಕೂಗುವಾಗ ಮೈತ್ರಿ ಕೆಳಗಿನಿಂದ ಗಂಟಲು ಹರಿಯುವಂತೆ ಒದರುತ್ತಿದ್ದಳು. ನಲವತ್ತು ಫೂಟು ಮೇಲಿದ್ದ ಫೋನಿಗೆ ಅದು ಮುಟ್ಟುತ್ತಿರಲಿಲ್ಲ. ಕಡೆಗೆ ಇವನೇ ಫೋನಿಗೆ ಬಾಯಿ ಹಚ್ಚಿ, “ಅದಾಳ್ರಿ ಸರ, ತೆಳಗ ಅದಾಳ್ರಿ!” ಎನ್ನತೊಡಗಿದ. ಹುಡುಗಿಯ ಹೆಸರಿಗೆ ದಿನಾ ಗಂಡಸಿನ ದನಿ. ಇವಳ ಬದಲು ಯಾರೋ ಹಾಜರಿ ಹಾಕಿಸುತ್ತಿದ್ದಾರೆಂದು ಕಾಲೇಜಿನವರು ಮೂರು ತಿಂಗಳ ಹಾಜರಿಯನ್ನೂ ಹೊಡೆದುಹಾಕಿದರು. ಹಾಜರಿ ಇಲ್ಲದವಳಿಗೆ ಪರೀಕ್ಷೆಯೂ ಇಲ್ಲ. ಮುಂದಿನ ತಿಂಗಳ ಕೊನೆಗೆ ಜೊತೆಯವರೆಲ್ಲ ಪರೀಕ್ಷೆಗೆ ಕೂರುವವರು, ಇವಳು ಮನೆಯಲ್ಲಿ ಕೂರುವವಳು. ಭಗವಂತ ಹೇಳಿಕೊಳ್ಳಲು ಎರಡು ಸಲ ಕಾಲೇಜಿಗೆ ಹೋಗಿದ್ದ. ಗೇಟಿನಿಂದ ಒಳಗೆ ಬಿಟ್ಟಿರಲಿಲ್ಲ. ಈಗ ಕಾಲೇಜೇ ಕೇಳಲು ಮನೆಗೆ ಬಂದು ಹೊರಸಿನ ಮೇಲೆ ಕೂತಿತ್ತು.

ಪ್ರಶ್ನೆಗಳೆಲ್ಲ ಮುಗಿದ ಮೇಲೆ ಟ್ಯಾಬಿನಲ್ಲಿ ಒಂದು ಖಾಲಿ ಚೌಕ ಮೂಡಿತು. ಬೇರೇನಾದರೂ ಹೇಳುವುದಿದೆಯೇ?

“ಇದು ನೋಡು ಪ್ರಶ್ನಿ ಅಂದ್ರ!” ಭಗವಂತ ಮಗಳ ಪಕ್ಕಕ್ಕೆ ಬಂದು ಕೂತ. “ಬರಿ ಬೇ. ದನಿ ನಮ್ಮಪ್ಪಂದು, ಕಿವಿ ನಂದು ಅಂತ ಬರಿ. ತಪ್ಪು ಮಾಡಿದ್ದು ಅಪ್ಪನ ಬಾಯಿ, ನನಗ ಪರೀಕ್ಷಾಕ ಕೂಡಿಸ್ರಿ ಅಂತ ಬರಿ.”

ಮೈತ್ರಿ ಬರೆದಳು. ಚೌಕ ಇನ್ನು ಒಂದಕ್ಷರವನ್ನೂ ಒಲ್ಲೆ ಎನ್ನುವ ತನಕ ಬರೆದಳು.

“ಇದು ದೊಡ್ಡ ಸಾಹೇಬ್ರಿಗಿ ಯಾವಾಗ ಮುಟ್ತದರಿ?” ಭಗವಂತ ಕೇಳಿದ.

ನಂದಕಿಶೋರ ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ. “ಇದು ಬರೇ ಪೈಲಟ್ ಅದರಿ ಕಾಕಾ, ತಾಲೀಮು ಇದ್ದಂಗ. ಪ್ರಶ್ನಿ ತಿಳೀತಾವೋ ಇಲ್ಲೋ, ಎಲ್ಲಿ ತಡಾ ಆಗ್ತದ, ಅಷ್ಟು ನೋಡೋದು. ಖರೇ ಸರ್ವೆ ಮುಂದಿನ ತಿಂಗಳು. ಈ ಇಪ್ಪತ್ತು ಮಂದಿ ಉತ್ತರ ಅದರಾಗ ಲೆಕ್ಕಕ್ಕ ಹಿಡಿಯಂಗಿಲ್ಲ.”

“ಹಂಗಾರ ಮುಂದಿನ ತಿಂಗಳು ಮತ್ತ ಬರ್ರಿ. ಮತ್ತ ಬರೀತಾಳ.”

“ಇದರಾಗ ಬಂದವ್ರನ್ನ ಅದರಾಗ ತಗೊಳ್ಳಂಗಿಲ್ರಿ. ನಿಯಮ ಅದ.”

ಭಗವಂತ ಒಲೆಯ ಕಡೆ ಕೈ ತೋರಿಸಿದ. “ರೊಟ್ಟಿ ಹಾಕೋ ಮೊದಲ ಹಂಚು ಕಾದದೋ ಇಲ್ಲೋ ನೋಡಾಕ ನೀರು ಸಿಡಸ್ತಾರಲ್ರಿ ಸರ, ಆ ನೀರು ನಾವು. ಚುಂಯ್ ಅಂತು, ಹೋತು.” ಹೇಳಿ ತಾನೇ ನಕ್ಕ. ಈ ಸಲ ಬೇರೆ ಯಾರೂ ನಗಲಿಲ್ಲ.

ಮೈತ್ರಿ ಟ್ಯಾಬು ತಿರುಗಿ ಕೊಟ್ಟಳು. ನಂದಕಿಶೋರ ಕಳಿಸುವ ಗುಂಡಿ ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅಂಗಳಕ್ಕೆ ಬಂದು ಟ್ಯಾಬು ಎತ್ತಿ ಹಿಡಿದ, ಬೇವಿನ ಗಿಡದ ತನಕ ಹೋಗಿ ಬಂದ. ಐದು ಗಂಟೆಯೊಳಗೆ ಇಪ್ಪತ್ತೂ ಮುಟ್ಟದಿದ್ದರೆ ತನ್ನ ಗೈಡ್ ಮೇಡಮ್ಮು ತಿಂಗಳ ಕೆಲಸ ಪೂರಾ ಮತ್ತೆ ಮಾಡಿಸುತ್ತಾರೆಂದು ಗೊಣಗಿದ. ಐದಕ್ಕೆ ಹತ್ತು ನಿಮಿಷವಿತ್ತು.

ಭಗವಂತ ಅವನ ಕೈಯಿಂದ ಟ್ಯಾಬು ಇಸಕೊಂಡು ಅಂಗಿಯೊಳಗೆ ಸಿಗಿಸಿದ.

“ಬ್ಯಾಡ್ರಿ ಕಾಕಾ, ಏಣಿ ಸರಿ ಇಲ್ಲಂತೀರಿ…”

“ನಿಮ್ದರ ಹಾಜರಿ ಬೀಳ್ಲಿ ಬಿಡ್ರಿ.”

ಭಗವಂತ ಟಾಕಿಯ ಏಣಿಯ ಮುರಿದ ಮೆಟ್ಟಿಲು ದಾಟಿ, ಪೈಪು ಅಪ್ಪಿಕೊಂಡು ಮೇಲೆ ಹೋದ. ಟಾಕಿಯ ಅಂಚಿನಲ್ಲಿ ನಿಂತು ಬಲಗೈ ಎತ್ತಿದ. ಮೈತ್ರಿ ಕೆಳಗೆ ತಾನು ಯಾವಾಗಲೂ ಕೂರುವ ಕಲ್ಲಿನ ಹತ್ತಿರ ನಿಂತು, “ಹೋತೇನ್ ಯಪ್ಪಾ?” ಎಂದು ಕೂಗಿದಳು. ಎರಡು ಸಲ, ಮೂರು ಸಲ ಕೂಗಿದಳು.

ಅವನಿಗೆ ಕೇಳಿಸಿತು. ಎತ್ತಿದ ಕೈ ಇಳಿಸದೆ, ಎಡಗೈಯಿಂದ ಆ ತಪ್ಪು ಮಾಡಿದ ಬಾಯಿ ಮುಚ್ಚಿಕೊಂಡು ನಿಂತ.