ಕಿಟಕಿಯಾಚೆಯ ನರ್ಸಮ್ಮ

“ಉಜ್ಜಬ್ಯಾಡ ಕಣಮ್ಮ, ಸಲೈನ್ ಹುಯ್ದು ಹಂಗೇ ಒತ್ತು. ಈಗ ಬಣ್ಣ ಹೆಂಗೈತೆ ಹೇಳು,” ಎಂದಳು ಭಾನುಪ್ರಿಯ, ಜಗುಲಿಯ ಮೇಲೆ ನಿಂತು ಕಿಟಕಿಯ ಸರಳಿಗೆ ಮುಖವಿಟ್ಟು.

“ಕೆಂಪಗೈತೆ ಅಕ್ಕ. ಒಂದ್ಕಡೆ ಮಾತ್ರ ಒಸಿ ಹಳದಿ,” ಎಂದಳು ಒಳಗಿದ್ದ ನವ್ಯಶ್ರೀ.

ಲಕ್ವ ಹೊಡೆದು ಮಾತು ಕಳೆದುಕೊಂಡ ಬೋರಲಿಂಗಯ್ಯ ಏಳು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಮಲಗಿ ಮಲಗಿ ಸೊಂಟದ ಕೆಳಗೆ ಮುಷ್ಟಿಯಗಲ ಹುಣ್ಣಾಗಿತ್ತು. ಸರ್ಕಾರಿ ಉಪಕೇಂದ್ರದ ನರ್ಸ್ ಭಾನುಪ್ರಿಯಳಿಗೆ ಹದಿನೆಂಟು ವರ್ಷದ ಅನುಭವ. ರಾಮನಗರದ ಟ್ರಸ್ಟೊಂದರಿಂದ ಬರುವ ನವ್ಯಶ್ರೀ ಬಳಿ ಒಳ್ಳೆಯ ಡ್ರೆಸ್ಸಿಂಗ್ ಸಾಮಾನು. ಇಬ್ಬರೂ ಜೊತೆಯಾಗಿ ಮನೆಮನೆಗೆ ಹೋಗಬೇಕೆಂದು ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡಿದ್ದರು. ಆದರೆ ಭಾನುಪ್ರಿಯ ಅದೇ ಊರಿನ ದಲಿತ ಕೇರಿಯವಳು. ಮೊದಲ ದಿನವೇ ಬೋರಲಿಂಗಯ್ಯನ ಹೆಂಡತಿ ಕೆಂಚಮ್ಮ, “ಬೇಜಾರ್ ಮಾಡ್ಕಬ್ಯಾಡ ಕಣವ್ವ, ಮನೇಲಿ ದೇವ್ರವೆ. ನೀನು ಅಲ್ಲಿಂದ್ಲೇ ಹೇಳು, ಆ ಹುಡ್ಗಿ ಮಾಡ್ತಳೆ,” ಎಂದಿದ್ದಳು. ನವ್ಯಶ್ರೀ ಸಿಟ್ಟಿನಿಂದ ಚೀಲ ಎತ್ತಿಕೊಂಡು ಹೊರಟಿದ್ದಳು. “ಬುಡು, ಹುಣ್ಣೇನ್ ತಪ್ಪು ಮಾಡೈತೆ,” ಎಂದು ತಡೆದವಳು ಭಾನುಪ್ರಿಯಳೇ.

ಐದು ವಾರಕ್ಕೆ ಹುಣ್ಣು ತುಂಬಿಕೊಳ್ಳುತ್ತಾ ಬಂದು ನಿಂಬೆಹಣ್ಣಿನಷ್ಟಾಯಿತು.

ಆ ಸೋಮವಾರ ನವ್ಯಶ್ರೀಗೆ ಜ್ವರ, ಭಾನುಪ್ರಿಯ ಒಬ್ಬಳೇ ಬಂದಿದ್ದಳು. ಪಟ್ಟಿ ಜಾರಿಹೋಗಿ ಮುದುಕ ಒಂದೇ ಸಮನೆ ನರಳುತ್ತಿದ್ದ. ಕೆಂಚಮ್ಮ ಬೀದಿಯ ಎರಡೂ ಕಡೆ ನೋಡಿ, “ಬಿರ್ನೆ ಬಂದ್ಬುಡವ್ವ ಒಳಿಕ್ಕೆ,” ಎಂದಳು.

ತಾನೇ ವಾಸಿ ಮಾಡುತ್ತಿದ್ದ ಗಾಯವನ್ನು ಭಾನುಪ್ರಿಯ ಹತ್ತಿರದಿಂದ ಕಂಡದ್ದು ಅದೇ ಮೊದಲು. ಅಂಚಿನಲ್ಲಿ ಎಳೇ ಚರ್ಮ ಹಬ್ಬುತ್ತಿತ್ತು. ತೊಳೆದು, ಹೊಸ ಪಟ್ಟಿ ಹಾಕಿ, ಮಗ್ಗುಲು ಬದಲಿಸಿ ದಿಂಬು ಒತ್ತುಕೊಟ್ಟಾಗ ನರಳಾಟ ನಿಂತಿತು. ಸ್ವಾಧೀನವಿದ್ದ ಒಂದೇ ಕೈಯಲ್ಲಿ ಮುದುಕ ಅವಳ ಮಣಿಕಟ್ಟು ಹಿಡಿದುಕೊಂಡ. ಕೊನೆಗೆ ಕೆಂಚಮ್ಮನೇ ಒಂದೊಂದಾಗಿ ಬೆರಳು ಬಿಡಿಸಬೇಕಾಯಿತು. ಇನ್ನೆರಡು ವಾರ, ಮುಚ್ಚಿಹೋಗುತ್ತದೆ ಎಂದುಕೊಳ್ಳುತ್ತಾ ಭಾನುಪ್ರಿಯ ಸ್ಕೂಟರ್ ಹತ್ತಿದಳು.

ಗುರುವಾರ ನವ್ಯಶ್ರೀಯ ಫೋನ್ ಬಂತು.

“ಅಕ್ಕ, ಗಾಯ ಪೂರಾ ಕೆಟ್ಟೋಗೈತೆ. ಕೀವು, ವಾಸ್ನೆ, ತಾತಂಗೆ ಮೈ ಸುಡ್ತೈತೆ. ಸೋಮವಾರ ನೀವು ಹೋದ್ಮೇಲೆ...”

“ಹೇಳು.”

“ಮೈಲ್ಗೆ ಕಳೀಲಿ ಅಂತ ತಾತನ್ನ ಕೂರ್ಸಿ ತಲೆ ಮೇಲಿಂದ ನಾಕು ಬಿಂದಿಗೆ ನೀರು ಹುಯ್ದವ್ರೆ. ಒದ್ದೆ ಪಟ್ಟೀನೂ ಬದಲಾಯ್ಸಿಲ್ಲ. ಕೆಂಚಮ್ಮನೋರೇ ಹೇಳಿದ್ರು.”

ಭಾನುಪ್ರಿಯ, “ಆಂಬುಲೆನ್ಸ್‌ಗೆ ಫೋನ್ ಮಾಡು, ಇವತ್ತೇ ದೊಡ್ಡಾಸ್ಪತ್ರೆಗೆ ಸೇರ್ಸು,” ಎಂದಳು.

“ಮಾಡಿದೀನಿ, ಬತ್ತಾ ಐತೆ. ನಾವಿಬ್ರೂ ತುಂಬೋ ತಾತನ ಕಾರ್ಡಲ್ಲಿ ‘ಗಾಯ ಉಲ್ಬಣಿಸಲು ಕಾರಣ’ ಅಂತ ಒಂದು ಸಾಲೈತೆ. ಏನಂತ ಬರೀಲಿ ಅಕ್ಕ?”

“ನೀರು ತಾಕ್ತು ಅಂತ ಬರಿ.”