ಚಂಪವ್ವನ ಸನ್ಮಾನ

ತಂತಿಯಲ್ಲಿ ಕರೆಂಟು ಬರುವುದು ನಿಂತು ಹನ್ನೆರಡು ವರ್ಷವಾಗಿತ್ತು. ಓಣಿಯ ಹೆಂಗಸರು ವಾರವಿಡೀ ಪೆಡಲು ತುಳಿದು ಬ್ಯಾಟರಿ ತುಂಬಿಸಿದರೆ ಭಾನುವಾರ ನೀರಿನ ಮೋಟಾರು ಓಡುತ್ತಿತ್ತು.

ಈ ಭಾನುವಾರ ಮಾತ್ರ ವಿದ್ಯುತ್ ಉಳಿತಾಯ ಸಂಘದ ಸಮಾರಂಭ. ಎಲ್ಲರಿಗಿಂತ ಹೆಚ್ಚು ತುಳಿದ ಚಂಪವ್ವನಿಗೆ ಶಾಲು ಹೊದಿಸಿದರು. ಹಾಡಹಗಲೇ ಸೀರಿಯಲ್ ಸೆಟ್ಟಿನ ದೀಪಗಳು ಮಿಣಮಿಣ ಅನ್ನುತ್ತಿದ್ದವು. ನಲ್ಲಿಯ ಮುಂದೆ ಖಾಲಿ ಕೊಡಗಳು ಸಾಲುಗಟ್ಟಿದ್ದವು. ಒಂದು ದಿನವೂ ಪೆಡಲಿಗೆ ಕಾಲಿಡದ ಅಧ್ಯಕ್ಷ ಬಸಲಿಂಗಪ್ಪ, ಕರೆಂಟು ಹೇಗೆ ಉಳಿಸಬೇಕೆಂದು ಮೈಕಿನಲ್ಲಿ ಮುಕ್ಕಾಲು ಗಂಟೆ ಕೊರೆದ. ಬ್ಯಾಟರಿ ಬರಿದಾಗಿ ಮೈಕು ಸತ್ತಿತು.

"ಚಂಪವ್ವಾ, ಒಂದೀಟು ತುಳಿ ಬೇ. ನಿನ್ನ ಬಗ್ಗೆನ ಹೇಳಾಕತ್ತಿದ್ದೆ."

ಚಂಪವ್ವ ಶಾಲು ತೆಗೆದು ಅವನ ಹೆಗಲಿಗೇ ಹಾಕಿದಳು.

"ನೀರು ಬರೂತನಕ ನೀವ ತುಳೀರಿ ಅಧ್ಯಕ್ಷರೇ. ನಾವು ಕುಂತು ಚಪ್ಪಾಳಿ ತಟ್ತೀವಿ."