ಡಯಾಲಿಸಿಸ್ ವಾರ್ಡಿನ ಕಿಟಕಿಯಲ್ಲಿ ಅಂಜೂರದ ಕಡ್ಡಿಗಳು

ಸಿಸ್ಟರ್ ಎಸ್ತರ್‌ಗೆ ಆ ಕಿಟಕಿ ನೋಡಿದ್ರೇನೇ ತಲೆ ಬಿಸಿ ಆಗ್ತಿತ್ತು...

ಬಳ್ಳಾರಿ ಕಡೆಯ ಒಂದು ಸಣ್ಣ ಆಸ್ಪತ್ರೆ. ಅದರ ಡಯಾಲಿಸಿಸ್ ವಾರ್ಡಿಗೆ ಎಸ್ತರ್ ಹೆಡ್ ನರ್ಸ್. ನೆಲದ ಮೇಲೆ ಒಂದು ಹನಿ ನೀರು ಬಿದ್ದರೂ ಸಹಿಸದ ಹೆಂಗಸು.

ಅಂಥವಳ ಕಿಟಕಿಯಲ್ಲಿ ಅರ್ಧಕ್ಕೆ ಕೊಯ್ದ ಹನ್ನೊಂದು ನೀರಿನ ಬಾಟಲಿ... ಒಂದೊಂದರಲ್ಲೂ ಒದ್ದೆ ಮಣ್ಣು, ಮಣ್ಣಲ್ಲಿ ಒಂದು ಬೋಳು ಕಡ್ಡಿ.

ಎಲ್ಲ ಪಂಪಾಪತಿಯವರ ಕೆಲಸ. ರಿಟೈರ್ಡ್ ಲೈನ್‌ಮನ್. ಕಿಡ್ನಿ ಕೈಕೊಟ್ಟು ಆರು ವರ್ಷ. ಸೋಮವಾರ, ಬುಧವಾರ, ಶುಕ್ರವಾರ ತಪ್ಪದೆ ಬಂದು ನಾಲ್ಕು ಗಂಟೆ ಮಷೀನಿನ ಪಕ್ಕ ಮಲಗುವವರು.

"ಎಷ್ಟು ಸಲ ಹೇಳ್ಬೇಕು ನಿಮಗೆ? ಮಣ್ಣಲ್ಲಿ ಕ್ರಿಮಿ ಇರ್ತವೆ. ಇದು ವಾರ್ಡು, ನರ್ಸರಿ ಅಲ್ಲ."

"ಇನ್ನೊಂದು ವಾರ ಸಿಸ್ಟರ್... ಬೇರು ಒಡೀಲಿ. ಆಮೇಲೆ ಮನೀಗೆ ಒಯ್ದು ನೆಡ್ತೀವಿ."

ಈ 'ಇನ್ನೊಂದು ವಾರ' ಶುರುವಾಗಿ ನಾಲ್ಕು ತಿಂಗಳಾಗಿತ್ತು. ಒಂದು ಬಾಟಲಿ ಹೋದರೆ ಇನ್ನೆರಡು ಬರ್ತಿದ್ದವು.

"ಅಷ್ಟಕ್ಕೂ ಯಾವ ಗಿಡ ಇದು?" ಅಂತ ಒಂದು ದಿನ ಕೇಳಿದಳು.

"ಅಂಜೂರ."

ಎಸ್ತರ್‌ಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಅಲ್ರೀ... ಅಂಜೂರದ ತುಂಬ ಪೊಟ್ಯಾಸಿಯಂ. ನೀವು ತಿಂದ್ರೆ ಹಾರ್ಟಿಗೇ ಅಪಾಯ. ಗೊತ್ತಿಲ್ವಾ?"

"ಗೊತ್ತೈತಿ. ತಿನ್ನಾಕಲ್ಲ ಸಿಸ್ಟರ್."

ಮತ್ಯಾಕೆ ಅಂತ ಕೇಳುವ ಪುರುಸೊತ್ತು ಅವಳಿಗಿರಲಿಲ್ಲ...

ಒಂದು ಬುಧವಾರ ಬಾಟಲಿ ಉರುಳಿ ಮಣ್ಣೆಲ್ಲ ಮಷೀನಿನ ಬುಡಕ್ಕೆ ಚೆಲ್ಲಿತು. ಮರುದಿನವೇ ಇನ್ಸ್‌ಪೆಕ್ಷನ್.

ಎಸ್ತರ್ ತಾಳ್ಮೆ ಅಲ್ಲಿಗೆ ಮುಗೀತು. ಪೇಷಂಟ್‌ಗಳು ಹೋಗೋದನ್ನೇ ಕಾದು, ಹನ್ನೊಂದೂ ಬಾಟಲಿಗಳನ್ನು ಹಿತ್ತಲಿನ ಕಸದ ತೊಟ್ಟಿಗೆ ಸುರಿದಳು.

ಇನ್ಸ್‌ಪೆಕ್ಷನ್ ಚೆನ್ನಾಗಿಯೇ ಆಯ್ತು.

ಶುಕ್ರವಾರ ಪಂಪಾಪತಿ ಬಂದರು. ಖಾಲಿ ಕಿಟಕಿ ನೋಡಿದರು. ಮಲಗಿ ಸೂಜಿಗೆ ಕೈ ಚಾಚಿದರು.

ಬೈದಿದ್ರಾದರೂ ಆಗ್ತಿತ್ತು... ಅಂತ ಎಸ್ತರ್‌ಗೆ ಕಿರಿಕಿರಿ.

ಅದರ ಮೇಲೆ ಪಕ್ಕದ ಬೆಡ್ ಖಾಲಿ. ಅದು ಹುಲಿಗೆಮ್ಮನ ಬೆಡ್. ಮನೇಲಿ ಬ್ಲೌಸ್ ಹೊಲಿಯುವ ಮೂವತ್ತರ ಹೆಂಗಸು, ಡಯಾಲಿಸಿಸ್ ಶುರುವಾಗಿ ಬರೀ ಎರಡು ತಿಂಗಳು. ಫೋನ್ ಸ್ವಿಚ್ ಆಫ್.

"ಇವತ್ತು ತಪ್ಪಿಸಿದ್ರೆ ಇನ್ನು ಸೋಮವಾರಾನೇ. ಐದು ದಿನ ಆ ದೇಹ ತಡೆಯುತ್ತಾ? ಎಷ್ಟು ಹೇಳಿದ್ರೂ ಈ ಜನಕ್ಕೆ ಅರ್ಥ ಆಗಲ್ಲ" ಅಂತ ಎಸ್ತರ್ ಗೊಣಗಿದಳು.

ಆಗ ಪಂಪಾಪತಿ ಬಾಯಿ ಬಿಟ್ಟರು.

"ಬೆಳಿಗ್ಗೆ ಬಂದಿದ್ಲು ಸಿಸ್ಟರ್, ನೀವು ಒಳಗಿನ ರೂಮಿನಾಗ ಇದ್ರಿ. ಬಾಗಿಲಲ್ಲೇ ನಿಂತು ಕಿಟಕಿ ನೋಡಿದ್ಲು... ಹಂಗೇ ತಿರುಗಿ ಹೋದ್ಲು. ನಾನು ಕೂಗಿದೆ, ನಿಲ್ಲಲಿಲ್ಲ."

"ಕಿಟಕಿ ನೋಡಿ ಯಾಕೆ ಹೋಗ್ತಾಳೆ?"

"ಆ ಕಡ್ಡಿಗಳು ನನ್ನವಲ್ಲರೀ. ಮರ ಅಷ್ಟೇ ನನ್ನ ಮನೀದು... ಕಡ್ಡಿ ಒಬ್ಬೊಬ್ಬ ಪೇಷಂಟಿಗೆ ಒಂದೊಂದು."

ಎಸ್ತರ್ ಕೈಯಲ್ಲಿದ್ದ ಫೈಲ್ ಕೆಳಗಿಟ್ಟಳು.

"ಮೊದಲನೇ ದಿನ ಹುಲಿಗೆಮ್ಮ ಏನಂದ್ಲು ಗೊತ್ತೇನು? ವಾಸಿ ಆಗೋ ರೋಗ ಅಲ್ಲವಂತೆ, ನಾಳಿದ್ದಿನಿಂದ ನಾ ಬರಂಗಿಲ್ಲ ಅಂದ್ಲು. ನಾನೊಂದು ಕಡ್ಡಿ ಕೊಟ್ಟೆ. ಮಷೀನಿಗೆ ಬರಬೇಡವ್ವ, ಬೇರು ಬಂತೋ ಇಲ್ಲೋ ನೋಡಾಕ ಬಾ ಅಂದೆ. ಬೇರು ಬಂದಮೇಲೆ ಬಿಡೂದಾದ್ರ ಬಿಡು ಅಂದೆ... ಅದೊಂದು ಕೊಳೀತು. ಎರಡನೇದು ಕೊಟ್ಟೆ. ಅದಕ್ಕ ಬರ್ತಿದ್ಲು."

ಎಸ್ತರ್ ಹಿತ್ತಲಿಗೆ ಓಡಿದಳು. ತೊಟ್ಟಿ ಖಾಲಿ. ನಿನ್ನೆಯೇ ಕಸದ ಗಾಡಿ ಬಂದು ಹೋಗಿತ್ತು.

ವಾರ್ಡನ್ನು ಇನ್ನೊಬ್ಬ ನರ್ಸ್ ಕೈಗೆ ಒಪ್ಪಿಸಿ, ಸ್ಕೂಟಿ ಹತ್ತಿ ಪಂಪಾಪತಿಯವರ ಮನೆಗೆ ಹೋದಳು. ಅವರ ಹೆಂಡತಿ ಮರದಿಂದ ಪೆನ್ಸಿಲ್ ದಪ್ಪದ ಒಂದು ಕಡ್ಡಿ ಕತ್ತರಿಸಿ ಕೊಟ್ಟರು. ಅಲ್ಲಿಂದ ನೇರ ಹುಲಿಗೆಮ್ಮನ ಮನೆಗೆ.

ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಮುಖ ಆಗಲೇ ಊದಿತ್ತು. ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿತ್ತು.

ದಾರಿಯುದ್ದಕ್ಕೂ ಎಸ್ತರ್ ಏನೇನೋ ಹೇಳಬೇಕು ಅಂದುಕೊಂಡು ಬಂದಿದ್ದಳು... ಬಾಯಿಗೆ ಬಂದದ್ದು ಇಷ್ಟೇ. "ನಾನೇ ಎಸೆದೆ, ಹುಲಿಗೆಮ್ಮ. ಕೇಳದೆ ಎಸೆದೆ."



"ಬುಧವಾರ ನನ್ನ ಬಾಟಲಿ ಎತ್ತಿ ನೋಡಿದ್ದೆ ಸಿಸ್ಟರ್. ಮಣ್ಣಿನ ಸಂದೀಲಿ ಬೆಳ್ಳಗೆ ಒಂದು ಎಳೆ... ಬೇರು ಬಂದಿತ್ತು. ಎಲ್ಲರಿಗೂ ಶುಕ್ರವಾರ ತೋರಿಸ್ಬೇಕು ಅಂದ್ಕೊಂಡಿದ್ದೆ."

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಪೇಷಂಟ್ ಮುಂದೆ ಅಳದ ಎಸ್ತರ್, ಆ ಹೊಸ್ತಿಲ ಮೇಲೇ ಕೂತು ಅತ್ತುಬಿಟ್ಟಳು...

ಹುಲಿಗೆಮ್ಮ ಅವಳ ಕೈ ನೋಡಿದಳು. "ಕಡ್ಡಿ ತಲೆಕೆಳಗೆ ಹಿಡ್ಕೊಂಡೀರಿ. ಹಂಗೇ ನೆಟ್ರೆ ಕೆಡ್ತದ."

"ನನಗೇನು ಗೊತ್ತು? ನೀನೇ ಬಂದು ನೆಡು."

ಹುಲಿಗೆಮ್ಮ ಉಸ್ಸಂತ ಗೋಡೆ ಹಿಡಿದು ಎದ್ದು, ಆಸ್ಪತ್ರೆಗೆ ಒಯ್ಯುವ ಚೀಲ ಎತ್ತಿಕೊಂಡಳು.

ಆ ಸಂಜೆ ಅವಳಿಗೆ ಡಯಾಲಿಸಿಸ್ ಆಯ್ತು. ವಾರ್ಡಿನೊಳಗೆ ಮಣ್ಣು ಬೇಡ ಅನ್ನೋ ರೂಲ್ಸ್ ಬದಲಾಗಲಿಲ್ಲ. ಹೊಸ ಕಡ್ಡಿ ನೆಟ್ಟ ಬಾಟಲಿ ಮಾತ್ರ ಕಿಟಕಿಯ ಆಚೆ, ಬೆಡ್ಡಿನಿಂದ ಕಾಣುವ ಕಟ್ಟೆಯ ಮೇಲೆ ಕೂತಿತು. ಇಟ್ಟವಳು ಎಸ್ತರ್.

"ಸೋಮವಾರಕ್ಕೆ ಬೇರು ಬರುತ್ತಾ?" ಅಂತ ಕೇಳಿದಳು.

ಹುಲಿಗೆಮ್ಮನಿಗೆ ಸಿಟ್ಟೇ ಬಂತು. "ಸೋಮವಾರಕ್ಕ? ಆರು ವಾರ ಬೇಕು ಸಿಸ್ಟರ್. ನಿಮಗ ತಾಳ್ಮೀನೇ ಇಲ್ಲ."

ಎಸ್ತರ್ ಮುಖ ಆ ಕಡೆ ತಿರುಗಿಸಿಕೊಂಡು, ಚಾರ್ಟಿನಲ್ಲಿ ಮುಂದಿನ ಆರು ವಾರಕ್ಕೂ ಅವಳ ಹೆಸರು ಬರೆದಳು...

*

ಮನುಷ್ಯನನ್ನು ಔಷಧಿ ಉಳಿಸುತ್ತೆ ನಿಜ... ಆದರೆ ಆ ಔಷಧಿವರೆಗೆ ಅವನನ್ನು ನಡೆಸಿಕೊಂಡು ಬರೋದು, ನಾಳೆ ನೋಡೋಕೆ ಏನೋ ಒಂದಿದೆ ಅನ್ನೋ ಆಸೆ.

ನಿಮ್ಮ ಮನೆಯಲ್ಲಿ ನಿಮಗೆ ಬರೀ ಕಸ ಅಂತ ಕಾಣುವ ಒಂದು ವಸ್ತು ಇದೆಯಲ್ಲ... ಅದು ಯಾರ ನಾಳೆ ಅಂತ ಒಮ್ಮೆಯಾದರೂ ಕೇಳಿದ್ದೀರಾ?